ಅರವತ್ತನಾಲ್ಕನೆಯ ಏಟು

ನಮ್ಮ ಊರು ಫಾಜೆತೆಲ್‌ನಲ್ಲಿ ಅರವತ್ತನಾಲ್ಕು ಮನೆಗಳಿವೆ. ಹಾಗಾಗಿ ವರ್ಷಕ್ಕೆ ಅರವತ್ತನಾಲ್ಕೇ ಏಟು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಊರೊಟ್ಟಿನ, ಅಂದರೆ ಎಲ್ಲ ಮನೆಗಳಿಗೂ ಸೇರಿದ, ಕಾಡಿಗೆ ಕಾವಲುಗಾರನಾದವನು ಸೆಪ್ಟೆಂಬರ್ ಕೊನೆಗೆ ಮುದ್ರೆ ಸುತ್ತಿಗೆ ಹಿಡಿದು ಕೆಳಗಿನ ಕಾಡಿಗೆ ಹೋಗುತ್ತಾನೆ. ಚಳಿಗಾಲದ ಕಟ್ಟಿಗೆಗೆ ಮನೆಗೊಂದರಂತೆ ಮರ ಆರಿಸುತ್ತಾನೆ. ಸುತ್ತಿಗೆಯ ಒಂದು ಬದಿಯ ಅಲಗಿನಿಂದ ಬುಡದ ಹತ್ತಿರ ಅಂಗೈಯಗಲ ತೊಗಟೆ ಸವರಿ, ಇನ್ನೊಂದು ಬದಿಯ ಅಚ್ಚನ್ನು ಒಂದೇ ಏಟಿಗೆ ಮರದ ಮೈಗೆ ಒತ್ತುತ್ತಾನೆ. ಅಚ್ಚು ಬಿದ್ದ ಮರವನ್ನು ಕಡಿಯಬಹುದು, ಬೀಳದ ಮರವನ್ನು ಮುಟ್ಟಿದವನು ಕಳ್ಳ. ರಾಜರ ಕಾಲದಲ್ಲೂ ಹೀಗೇ ಇತ್ತು. ಆಮೇಲೆ ಬಂದ ಕಮ್ಯುನಿಸ್ಟ್ ಪಾರ್ಟಿಯವರು ಕಾಡನ್ನು ಸರ್ಕಾರದ್ದು ಅಂತ ಬರೆಸಿಕೊಂಡ ಕಾಲದಲ್ಲೂ ಸುತ್ತಿಗೆ ಹಿಡಿದವನು ನಮ್ಮೂರವನೇ ಆಗಿದ್ದರಿಂದ ಅವನ ಕೈ ಅರವತ್ತನಾಲ್ಕಕ್ಕೆ ನಿಲ್ಲುತ್ತಿತ್ತು. ಆಮೇಲೆ ಗರಗಸದ ಮಿಲ್ಲುಗಳು ಬಂದವು, ಸುತ್ತಲಿನ ಬೆಟ್ಟಗಳು ಬೋಳಾದವು. ನಮ್ಮ ಬೆಟ್ಟದ ನೆತ್ತಿಯ ಮೇಲೆ ಮಾತ್ರ ಕೊಡಲಿ ಕಾಣದ ಬೀಚ್ ಮರಗಳ ಕಾಡು ಹಾಗೇ ಇದೆ. ಹೇಗೆ ಉಳಿಯಿತು ಅಂತ ಪಟ್ಟಣದವರು ಕೇಳಿದರೆ ನಾವು ಭಾಷಣ ಮಾಡುವುದಿಲ್ಲ, ಮನೆಗಳನ್ನು ಎಣಿಸಿಕೊಳ್ಳಿ ಅನ್ನುತ್ತೇವೆ.

ಈ ಸುತ್ತಿಗೆ ಮೂವತ್ತನಾಲ್ಕು ವರ್ಷ ಕಾವಲುಗಾರ ಇಲಾರಿಯೆಯ ಸೊಂಟದಲ್ಲಿತ್ತು. ಒಳ್ಳೆಯ ಮನುಷ್ಯ, ಆದರೆ ಜಂಬ ಸ್ವಲ್ಪ ಹೆಚ್ಚು. ಮದುವೆಗೆ ಹೋದರೂ ಸುತ್ತಿಗೆ, ಇಗರ್ಜಿಗೆ ಹೋದರೂ ಸುತ್ತಿಗೆ. ಅದರ ಹಿಡಿ ಅವನ ಕೈಗೆ ತಕ್ಕ ಹಾಗೆ ಸವೆದಿತ್ತು. ಒಂದೇ ಒಂದು ಏಟು ತಪ್ಪಿ ಬಿದ್ದದ್ದಿಲ್ಲ ಅಂತ ಅವನು ವರ್ಷಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದ. ನಿಜವಾಗಿದ್ದರಿಂದ ಯಾರೂ ಎದುರಾಡುತ್ತಿರಲಿಲ್ಲ. ಅವನ ಹೆಂಡತಿ ವೆತುರಿಯಾ ಮಾತ್ರ ಮೂಗು ಮುರಿದು, "ಆ ಸುತ್ತಿಗೇನೇ ಕಟ್ಕೋಬೇಕಿತ್ತು ನೀವು, ನನ್ನನ್ಯಾಕೆ ಕಟ್ಕೊಂಡ್ರಿ" ಅನ್ನುತ್ತಿದ್ದಳು.

ಆ ವರ್ಷ ಊರಿಗೊಂದು ಕಾಗದ ಬಂತು. ಯುರೋಪಿನ ಎಷ್ಟೋ ದೇಶಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಪುರಾತನ ಬೀಚ್ ಕಾಡುಗಳನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿ, ಇವು ಇಡೀ ಲೋಕದ ಆಸ್ತಿ ಅಂತ ಕಾಯುತ್ತಾರಂತೆ. ನಮ್ಮ ಮೇಲಿನ ಕಾಡೂ ಸೇರಬಹುದಂತೆ. ಅಕ್ಟೋಬರ್ ಎರಡನೆಯ ಶನಿವಾರ ಬೆಲ್ಜಿಯಂನಿಂದ ತಜ್ಞೆಯೊಬ್ಬಳು ನೋಡಲು ಬರುತ್ತಾಳೆ. ಅಷ್ಟರೊಳಗೆ ಕಾಡಿನ ಎಲ್ಲೆಯ ಮರಗಳಿಗೆಲ್ಲ ನೀಲಿ ಪಟ್ಟೆ ಬಳಿದಿರಬೇಕು. ಊರೊಟ್ಟಿನ ಅಧ್ಯಕ್ಷೆ ಸಾವೆತಾ ನಲವತ್ತು ವರ್ಷ ಲೆಕ್ಕದ ಪಾಠ ಹೇಳಿದವಳು, ಊರಿಗೆಲ್ಲ ಟೀಚರಮ್ಮ. ಅವಳು ಇಲಾರಿಯೆಗೆ ಬಣ್ಣದ ಡಬ್ಬ ಕೊಡುತ್ತ ಬೆರಳೆತ್ತಿ ಹೇಳಿದಳು.

"ಬಣ್ಣ ಅಷ್ಟೇ. ತೊಗಟೆಗೆ ಉಗುರೂ ತಾಗ್‌ಕೂಡ್ದು. ಬೀಚ್ ಮರಕ್ಕೆ ಗಾಯ ಆದ್ರೆ ಮಾಯಲ್ಲ, ನಿಂಗೊತ್ತು."

"ನಂಗೆ ಹೇಳ್ಕೊಡ್ಬೇಡಿ ಟೀಚರಮ್ಮ," ಅಂದ ಇಲಾರಿಯೆ. ಈಸ್ಟರ್ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವ ಹೆಂಗಸಿನ ಹಾಗೆ ಬ್ರಷ್ ಹಿಡಿದು ಕಾಡಿಗೆ ಹೋಗುವುದು ಅವನಿಗೆ ಒಳಗೊಳಗೇ ಅವಮಾನವಾಗಿತ್ತು.

ಗುರುವಾರ ಅವನು ಎರಡೂ ಕೆಲಸ ಒಂದೇ ದಿನ ಮುಗಿಸಿಬಿಡಲು ಹೊರಟ. ಬೆಳಿಗ್ಗೆ ಕೆಳಗಿನ ಕಾಡಿನಲ್ಲಿ ಪಾಲಿನ ಮರಗಳಿಗೆ ಮುದ್ರೆ, ಮಧ್ಯಾಹ್ನದ ಮೇಲೆ ನೆತ್ತಿಯಲ್ಲಿ ಉಳಿದ ಒಂದು ಮೂಲೆಗೆ ನೀಲಿ ಬಣ್ಣ. "ಮೇಲಕ್ ಹೋಗ್ವಾಗ ಸುತ್ತಿಗೆ ಮನೇಲಿಟ್ಟು ಹೋಗಿ," ಅಂದಳು ವೆತುರಿಯಾ. "ಅದಿಲ್ದಿದ್ರೆ ಸೊಂಟ ಖಾಲಿ ಖಾಲಿ ಅನ್ಸುತ್ತೆ ಕಣೆ," ಅಂದ ಅವನು.

ಮಧ್ಯಾಹ್ನದ ಹೊತ್ತಿಗೆ ಅರವತ್ತಮೂರು ಮರ ಮುಗಿದವು. ಅರವತ್ತನಾಲ್ಕನೆಯದಕ್ಕೆ ಒಳ್ಳೆಯದೊಂದು ಸಿಗಲಿಲ್ಲ. ಇಳಿದು ಬರುವಾಗ ನೋಡಿದರಾಯಿತು ಅಂತ ಬಣ್ಣದ ಡಬ್ಬ ಎತ್ತಿಕೊಂಡು ಮೇಲೆ ಹತ್ತಿದ. ಒಂದು ಬಾಕಿ, ಒಂದು ಬಾಕಿ ಅಂತ ತಲೆಯ ಮೂಲೆಯಲ್ಲಿ ಗುನುಗುತ್ತಲೇ ಇತ್ತು. ಮೇಲೆ ಮಂಜು ಕವಿದಿತ್ತು. ಎಲ್ಲೆಯ ಮೂಲೆಯಲ್ಲಿ ನಿಂತಿರುವುದು ನಾವು ಸೋದರತ್ತೆ ಅಂತ ಕರೆಯುವ ಮರ. ಐವರು ಗಂಡಸರು ಕೈ ಕೈ ಹಿಡಿದರೂ ತಬ್ಬಲಾಗದ ಬೀಚ್ ಮರ ಅದು. ಬಂದವರನ್ನೆಲ್ಲ ಮೇಲಿನಿಂದ ಕೆಳಗೆ ನೋಡಿ ಗದರುವ ಹಾಗೆ ನಿಂತಿರುತ್ತಾಳೆ, ಅದಕ್ಕೇ ಆ ಹೆಸರು. ನಾನೂರೋ ಐನೂರೋ ವರ್ಷ ಅನ್ನುತ್ತಾರೆ. ಹುಟ್ಟಿದ ಮಗುವನ್ನು ನಾಮಕರಣವಾದ ಮೇಲೆ ಅವಳಿಗೆ ತೋರಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ.

ಇಲಾರಿಯೆ ಅವಳ ಸುತ್ತ ಒಂದು ಸುತ್ತು ಬಂದ. ಅಂಗೈಯಿಂದ ತಟ್ಟಿದ. ಎರಡು ಹೆಜ್ಜೆ ಹಿಂದೆ ಸರಿದ. ಮಂಡಿಯೂರಿದ. ಆಮೇಲೆ ಒಂದು ಸದ್ದು ಕೇಳಿಸಿತು. ಆ ಸದ್ದು ಕೇಳಿದ ಮೇಲೆಯೇ ತಾನು ಮಾಡಿದ್ದೇನು ಅಂತ ಅವನಿಗೆ ಗೊತ್ತಾಯಿತು. ತೊಗಟೆ ಅಂಗೈಯಗಲ ಹಾರಿಹೋಗಿತ್ತು. ಒಳಗಿನ ಬೆಳ್ಳನೆಯ ಮರದ ಮೇಲೆ ಹದಿನೇಳು ಅನ್ನುವ ಅವನ ಸುತ್ತಿಗೆಯ ಅಂಕೆ, ಸುತ್ತ ಒಂದು ಬಳೆ, ಎಲ್ಲ ಅಚ್ಚುಕಟ್ಟಾಗಿ ಮೂಡಿತ್ತು. ಅಷ್ಟು ಚೆಂದದ ಏಟು ಆ ದಿನ ಇನ್ನೊಂದು ಬಿದ್ದಿರಲಿಲ್ಲ. ಬಣ್ಣದ ಡಬ್ಬ ಇನ್ನೂ ಮುಚ್ಚಳ ತೆರೆಯದೆ ಕಾಲ ಬಳಿ ಇತ್ತು.

ಎಷ್ಟು ಹೊತ್ತು ಹಾಗೆ ಮಂಡಿಯ ಮೇಲೆ ಕೂತಿದ್ದನೋ ಅವನಿಗೇ ತಿಳಿಯದು. ಏಟು ಹಾಕಿದ ತಕ್ಷಣ ಲೆಕ್ಕದ ಪುಸ್ತಕದಲ್ಲಿ ಬರೆಯುವುದು ನಿಯಮ. ಜೇಬಿನಿಂದ ಪುಸ್ತಕ ತೆಗೆದ, ಪೆನ್ಸಿಲ್ ತೆಗೆದ, ಬರೆಯದೆ ಮತ್ತೆ ಒಳಗಿಟ್ಟ. ಮನೆಗೆ ಬಂದು ಮೆಕ್ಕೆಜೋಳದ ಮುದ್ದೆಯನ್ನು ತಟ್ಟೆಯಲ್ಲಿ ಆಚೆ ಈಚೆ ತಳ್ಳುತ್ತ ಕೂತ. "ಏನಾಯ್ತು?" ಅಂದಳು ವೆತುರಿಯಾ. "ಬಣ್ಣದ ವಾಸನೆ," ಅಂದ.

ಬೆಳಗಾದ ಮೇಲೆ ಕೊಡಲಿ ತೆಗೆದುಕೊಂಡು ಮತ್ತೆ ಹತ್ತಿದ. ಮುದ್ರೆಯನ್ನು ಚಕ್ಕೆ ಎತ್ತಿ ತೆಗೆದು, ಮಣ್ಣು ಮೆತ್ತಿ, ಪಾಚಿ ಅಂಟಿಸಿ, ಅರವತ್ತನಾಲ್ಕನೆಯ ಮರವನ್ನು ಕೆಳಗೆಲ್ಲಾದರೂ ನೋಡುವುದು ಅವನ ಲೆಕ್ಕ. ಸೋದರತ್ತೆಯ ಬುಡ ತಲುಪಿದಾಗ ಅಲ್ಲಿ ಗಾವ್ರಿಲ ಕೂತಿದ್ದ. ಪಕ್ಕದಲ್ಲಿ ಬುಟ್ಟಿ ತುಂಬ ಅಣಬೆ. ಅವನ ಕಣ್ಣು ಮುದ್ರೆಯ ಮೇಲಿತ್ತು.

ಊರಿನಲ್ಲಿ ಇಲಾರಿಯೆಗೆ ಆ ಹೊತ್ತು ಎದುರಾಗಬಾರದಿದ್ದ ಮನುಷ್ಯ ಒಬ್ಬನಿದ್ದರೆ ಅದು ಇವನೇ. ಇಪ್ಪತ್ತೆರಡು ವರ್ಷದ ಕೆಳಗೆ ಗಾವ್ರಿಲ ಇದೇ ಮೇಲಿನ ಕಾಡಿನಲ್ಲಿ ಒಂದು ಮರ ಕದ್ದು ಕಡಿದಿದ್ದ. ತನ್ನ ಪಾಲಿನ ಮರದ ಮೋಟಿನಿಂದ ಮುದ್ರೆಯನ್ನು ಚಕ್ಕೆಯಾಗಿ ಎಬ್ಬಿಸಿ ತಂದು, ಕದ್ದ ಮರದ ಮೋಟಿಗೆ ಅಂಟಿಸಿದ್ದ. ಅಂಟು, ಮಣ್ಣು, ಪಾಚಿ, ಎಲ್ಲ ಅಚ್ಚುಕಟ್ಟು. ಮೂರೇ ದಿನದಲ್ಲಿ ಇಲಾರಿಯೆ ಹಿಡಿದ. ಊರೊಟ್ಟು ಏಳು ವರ್ಷ ಗಾವ್ರಿಲನ ಪಾಲು ಕಿತ್ತುಕೊಂಡಿತು. ಏಳು ಚಳಿಗಾಲ ಅವನು ಕಾಡಿನಲ್ಲಿ ಉದುರಿದ ಒಣ ಪುರುಳೆ ಆಯ್ದು ಒಲೆ ಹೊತ್ತಿಸಿದ. ಹೆಂಡತಿ ಆ ನಡುವೆ ತವರಿಗೆ ಹೋದವಳು ತಿರುಗಿ ಬರಲಿಲ್ಲ.

"ಗಾರ್ಡ್ ಸಾಹೇಬ್ರು ಕೊಡಲಿ ಹಿಡ್ಕೊಂಡ್ ಬಂದ್ರಾ," ಅಂದ ಗಾವ್ರಿಲ, ಎದ್ದೇಳದೆ. "ಬನ್ನಿ, ಕೂತ್ಕೊಳ್ಳಿ. ಎರಡು ಬೆರಳು ಆಳ ಕೆತ್ಬೇಕು. ಕಮ್ಮಿ ಆದ್ರೆ ಅಚ್ಚಿನ ನೆರಳು ಉಳಿಯುತ್ತೆ. ಮಣ್ಣನ್ನ ಇಲ್ಲಿಂದ ತಗೋಬೇಡಿ, ಹಳ್ಳದ್ ಮಣ್ಣು ಚೆನ್ನಾಗ್ ಹಿಡಿಯುತ್ತೆ. ನಂಗೆ ಅನುಭವ ಇದೆ ನೋಡಿ."

ಇಲಾರಿಯೆ ಕೊಡಲಿಯನ್ನು ಬೆನ್ನ ಹಿಂದೆ ಸರಿಸಿದ. ಕಿವಿಯ ತನಕ ಮುಖ ಕೆಂಪಾಗಿತ್ತು.

"ಆದ್ರೆ ಏನ್ ಪ್ರಯೋಜನ," ಅಂತ ಗಾವ್ರಿಲ ಒಂದು ಅಣಬೆಯ ಮಣ್ಣು ಒರೆಸುತ್ತ ಮುಂದುವರಿಸಿದ. "ಇಷ್ಟೆಲ್ಲ ಮಾಡಿದ್ರೂ ಒಬ್ಬ ಹಾಳಾದವನು ಬಂದು ಮೂರು ದಿನಕ್ಕೆ ಕಂಡುಹಿಡಿದ್ಬಿಡ್ತಾನೆ. ಈ ಸಲ ಕಂಡುಹಿಡಿಯೋನೂ ನೀವೇ, ಮಾಡೋನೂ ನೀವೇ. ರಾತ್ರಿ ಹೇಗ್ ನಿದ್ದೆ ಮಾಡ್ತೀರಿ?"

"ಹೋಗಿ ಹೇಳ್ಬಿಡು ಊರಿಗೆಲ್ಲ," ಅಂದ ಇಲಾರಿಯೆ. "ನಿನ್ ಹೊಟ್ಟೆ ತಣ್ಣಗಾಗ್ಲಿ."

"ನಾನ್ಯಾಕ್ ಹೇಳ್ಲಿ? ನೀವೇ ಹೇಳ್ಬೇಕು. ಭಾನುವಾರ ಸಭೇಲಿ ಮುಂದಿನ ಬೆಂಚಲ್ಲಿ ಕೂತ್ಕೊಂಡು ಕೇಳ್ತೀನಿ. ಕನ್ನಡಕ ಒರೆಸ್ಕೊಂಡ್ ಬರ್ತೀನಿ."

ಅವನು ಬುಟ್ಟಿ ಎತ್ತಿಕೊಂಡು ಇಳಿದು ಹೋದ. ಇಲಾರಿಯೆ ಕೊಡಲಿಯನ್ನು ಒಮ್ಮೆ ಎತ್ತಿದ, ಇಳಿಸಿದ. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು, ಅರವತ್ತನಾಲ್ಕನೆಯ ಸಾಲಿನಲ್ಲಿ ಬರೆದ: ಬೀಚ್, ಮೇಲಿನ ಮೂಲೆ, ಸೋದರತ್ತೆ. ಅಕ್ಷರಗಳು ಸೊಟ್ಟಗಾದವು. ಆ ಪುಟ ಈಗಲೂ ಇದೆ, ಬೇಕಾದವರು ನೋಡಬಹುದು.

ಅಕ್ಟೋಬರ್ ಮೊದಲ ಭಾನುವಾರ ಪಾಲು ಎತ್ತುವ ದಿನ, ಅಂಕೆಯ ಕೋಲು ಎತ್ತಿ ಯಾವ ಮರ ಯಾವ ಮನೆಗೆ ಅಂತ ಗೊತ್ತುಮಾಡುವ ದಿನ. ಇಗರ್ಜಿಯ ಪಕ್ಕದ ಸಭಾಂಗಣದಲ್ಲಿ ಅರವತ್ತನಾಲ್ಕು ಮನೆಯವರೂ ಸೇರಿದ್ದರು. ಗಾವ್ರಿಲ ಹೇಳಿದ ಮಾತಿಗೆ ತಪ್ಪದೆ ಮುಂದಿನ ಬೆಂಚಿನಲ್ಲಿದ್ದ. ಇಲಾರಿಯೆ ಟೋಪಿ ತೆಗೆದು ನಿಂತು, ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಮಂಜಿತ್ತು ಅಂತ ಹೇಳಲಿಲ್ಲ, ವಯಸ್ಸಾಯಿತು ಅಂತಲೂ ಹೇಳಲಿಲ್ಲ. "ಕೈ ತಪ್ಪಿತು. ಕೈ ನನ್ನದು," ಅಂದ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಕೆರೆದು ಹಾಕಿ ಅಂದವರು ಕೆಲವರು. ಪುಸ್ತಕದಲ್ಲಿ ಹೊಡೆದು ಹಾಕಿ ಬೇರೆ ಮರಕ್ಕೆ ಮುದ್ರೆ ಒತ್ತಿ ಅಂದವರು ಹಲವರು.

ಸಾವೆತಾ ಮೇಜಿನ ಮೇಲೆ ಬೆರಳಿನಿಂದ ಮೂರು ಸಲ ಕುಟ್ಟಿದಳು. ಅವಳ ಹತ್ತಿರ ಕಲಿತವರೇ ಅಲ್ಲಿ ಮುಕ್ಕಾಲು ಪಾಲು ಇದ್ದದ್ದರಿಂದ ಎಲ್ಲರೂ ಬಾಯಿ ಮುಚ್ಚಿದರು. ಅವಳು ಹಳೆಯ ನಿಯಮದ ಪುಸ್ತಕ ಬಿಚ್ಚಿ ಓದಿದಳು. ಸುತ್ತಿಗೆ ಮುಟ್ಟಿದ ಮರ ಪಾಲಿಗೆ ಸೇರತಕ್ಕದ್ದು. ಅದನ್ನು ಹಿಂತೆಗೆಯಲು ಕಾವಲುಗಾರನಿಗೂ ಅಧಿಕಾರವಿಲ್ಲ, ಸಭೆಗೂ ಇಲ್ಲ. ಪಾಲು ಎತ್ತಿದವನು ತನಗೆ ಬೇಕಾದಾಗ, ಕಾವಲುಗಾರನ ಎದುರಿಗೆ ಕಡಿಯತಕ್ಕದ್ದು. ಕಡಿಯುವ ತನಕ ಅವನಿಗೆ ಬೇರೆ ಪಾಲಿಲ್ಲ.

"ಒಳ್ಳೇ ಕಾರಣಕ್ಕಲ್ವಾ ಟೀಚರಮ್ಮ, ಒಂದ್ಸಲ ಬಿಟ್ಬಿಡಿ," ಅಂದಳು ವಿಧವೆ ಅನಿಕಾ.

"ಇವತ್ತು ಒಳ್ಳೇ ಕಾರಣಕ್ಕೆ ಅರವತ್ತೈದನೇ ಏಟು ಹಾಕಿದ್ರೆ, ನಾಳೆ ಪಾಂತೆಲಿ ಇನ್ನೊಂದು ಒಳ್ಳೇ ಕಾರಣ ತರ್ತಾನೆ," ಅಂದಳು ಸಾವೆತಾ. ಮಿಲ್ಲಿಗೆ ಲಾರಿ ಓಡಿಸುವ ಪಾಂತೆಲಿ ನೆಲ ನೋಡಿದ. "ಆ ಕಾಡು ಉಳಿದಿರೋದೇ ಈ ನಿಯಮದಿಂದ. ಕಾಡನ್ನ ಉಳ್ಸೋದಕ್ಕೆ ಅಂತ ನಿಯಮ ಮುರಿದ್ರೆ, ಆಮೇಲೆ ಎರಡೂ ಇರಲ್ಲ. ಕೋಲು ತನ್ನಿ."

ಅವಳ ಕಣ್ಣಲ್ಲೂ ನೀರಿತ್ತು. ಅವಳನ್ನೂ ಎಳೆಗೂಸಾಗಿದ್ದಾಗ ಸೋದರತ್ತೆಗೆ ತೋರಿಸಿ ತಂದಿದ್ದರಲ್ಲ.

ಅಂಕೆ ಕೊರೆದ ಅರವತ್ತನಾಲ್ಕು ಹೇಸಲ್ ಗಿಡದ ಕೋಲುಗಳನ್ನು ಕುರಿದೊಗಲಿನ ದೊಡ್ಡ ಟೋಪಿಯಲ್ಲಿ ಹಾಕಿದರು. ಇಗರ್ಜಿಯ ಕಡೆಯಿಂದ ಮನೆ ಮನೆ ಲೆಕ್ಕದಲ್ಲಿ ಒಬ್ಬೊಬ್ಬರೇ ಬಂದು ಎತ್ತಿದರು. ಇಲಾರಿಯೆಯ ಸರದಿ ಬಂದಾಗ ಅವನು ತಾನು ಯಾವತ್ತೂ ಬೇಡದ ಹಾಗೆ ದೇವರನ್ನು ಬೇಡಿಕೊಂಡು ಕೈ ಹಾಕಿದ. ಮೂವತ್ತೊಂದು. ಸಾವೆತಾಗೆ ಎಂಟು. ಟೋಪಿ ಹಗುರಾಗುತ್ತ ಹೋಯಿತು, ಅರವತ್ತನಾಲ್ಕು ಮಾತ್ರ ಹೊರಬೀಳಲಿಲ್ಲ. ಕೊನೆಗೆ ಉಳಿದವರು ಮೂವರು: ಅನಿಕಾ, ಪಾಂತೆಲಿ, ಕೊನೆಯ ಮನೆಯ ಗಾವ್ರಿಲ. ಪಾಂತೆಲಿಗೆ ಸಿಕ್ಕರೆ ಮರ ಸೋಮವಾರವೇ ಮಿಲ್ಲಿನಲ್ಲಿರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅನಿಕಾ ಎತ್ತಿದಳು, ನಲವತ್ತು. ಪಾಂತೆಲಿ ಎತ್ತಿದ, ಹನ್ನೆರಡು. ಯಾರೋ ಉಸಿರು ಬಿಟ್ಟರು, ಮರುಕ್ಷಣ ಉಳಿದವನು ಯಾರು ಅಂತ ನೆನಪಾಗಿ ಆ ಉಸಿರನ್ನೇ ಹಿಂದಕ್ಕೆಳೆದುಕೊಂಡರು.

ಗಾವ್ರಿಲ ನಿಧಾನಕ್ಕೆ ಎದ್ದು ಬಂದ. ಟೋಪಿಯಲ್ಲಿ ಇದ್ದದ್ದು ಒಂದೇ ಕೋಲು. ಆದರೂ ಅವನು ಕೈ ಹಾಕಿ ಬಹಳ ಹೊತ್ತು ತಡಕಾಡಿದ. ಇದು ಬೇಡ, ಅದು ಬೇಡ ಅಂತ ಆರಿಸುವವನ ಹಾಗೆ ಮುಖ ಮಾಡಿದ.

"ಅರವತ್ನಾಲ್ಕು," ಅಂದ. "ಅವಳಲ್ಲಿ ಎಷ್ಟು ಗಾಡಿ ಕಟ್ಟಿಗೆ ಆಗ್ಬಹುದು ಗಾರ್ಡ್ ಸಾಹೇಬ್ರೆ?"

"ಮೂವತ್ತು," ಅಂದ ಇಲಾರಿಯೆ. ಕೇಳಿದ್ದಕ್ಕೆ ಉತ್ತರ ಕೊಡುವುದು ಅವನ ಕೆಲಸವಾಗಿತ್ತು.

"ಮೂವತ್ತು ಗಾಡಿ. ಐದಾರು ಚಳಿಗಾಲ ಕಾಲು ಚಾಚ್ಕೊಂಡು ಮಲಗ್ಬಹುದು." ಕೋಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. "ಶನಿವಾರ ಬೆಳಿಗ್ಗೆ ಮೇಲಿರ್ತೀನಿ. ಪುಸ್ತಕ ತಗೊಂಡ್ ಬನ್ನಿ."

"ಶನಿವಾರ ಬೆಲ್ಜಿಯಂನವ್ರು ಬರ್ತಾರೆ ಗಾವ್ರಿಲ," ಅಂದಳು ಸಾವೆತಾ.

"ಬರ್ಲಿ ಟೀಚರಮ್ಮ. ನಾಲ್ಕು ಜನ ಇದ್ರೇನೇ ಕೆಲಸಕ್ಕೊಂದು ಕಳೆ."

ಆ ವಾರ ಇಲಾರಿಯೆ ಹೇಗೆ ಕಳೆದ ಅಂತ ವೆತುರಿಯಾಳನ್ನೇ ಕೇಳಬೇಕು. ಸುತ್ತಿಗೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟ, ಊರೊಟ್ಟಿಗೆ ವಾಪಸು ಕೊಟ್ಟುಬಿಡುತ್ತೇನೆ ಅಂದ. "ಸುತ್ತಿಗೆ ಕೊಟ್ರೆ ತೊಗಟೆ ವಾಪಸ್ ಬರುತ್ತಾ?" ಅಂದಳು ಅವಳು. "ಅವನ ಮನೆಗೆ ಹೋಗಿ. ಹೋಗಿ ಕೇಳ್ಕೊಳ್ಳಿ. ಜಂಬ ಗೂಟಕ್ಕೆ ನೇತ್ಹಾಕಿ ಹೋಗಿ."

ಬುಧವಾರ ಹೋದ. ಗಾವ್ರಿಲನ ಅಂಗಳಕ್ಕೆ ಇಪ್ಪತ್ತೆರಡು ವರ್ಷದಲ್ಲಿ ಅವನು ಕಾಲಿಟ್ಟಿರಲಿಲ್ಲ. ಗಾವ್ರಿಲ ತನ್ನ ಕಂದು ಕುದುರೆಯ ಗೊರಸು ಉಜ್ಜುತ್ತಿದ್ದ. ಬಾಗಿಲಲ್ಲಿ ಎರಡು ಆಳಿನ ಗರಗಸ ಹೊಸದಾಗಿ ಮಸೆದು ಒರಗಿಸಿತ್ತು. ಇಲಾರಿಯೆ ಅದರ ಕಡೆ ನೋಡದೆ ಟೋಪಿ ತೆಗೆದ.

"ನನ್ನ ಪಾಲು ತಗೋ," ಅಂದ. "ಮೂವತ್ತೊಂದನೇದು, ನೆಟ್ಟಗಿರೋ ಮರ. ಮುಂದಿನ ವರ್ಷದ್ದೂ ತಗೋ. ನಾನಿರೋ ತನಕ ನನ್ನ ಪಾಲು ನಿಂದೇ. ಅವಳನ್ನ ಬಿಟ್ಬಿಡು."

ಗಾವ್ರಿಲ ಗೊರಸನ್ನು ಕೆಳಗಿಟ್ಟ. "ಏಳು ಚಳಿಗಾಲ ನಾನು ಪುರುಳೆ ಆಯ್ಕೊಂಡಿದ್ದಾಗ ನೀವು ಒಂದ್ಸಲನಾದ್ರೂ ಈ ಕಡೆ ಬಂದಿದ್ರಾ?"

"ಇಲ್ಲ."

"ತಪ್ಪು ನಂದೇ ಆಗಿತ್ತು. ನಾನೇನೂ ಇಲ್ಲ ಅನ್ನಲ್ಲ. ಆದ್ರೂ ಒಂದ್ಸಲ ಬಂದಿದ್ರೆ ಚೆನ್ನಾಗಿತ್ತು." ಅವನು ಇನ್ನೊಂದು ಗೊರಸು ಎತ್ತಿಕೊಂಡ. "ಶನಿವಾರ ಪುಸ್ತಕ ಮರೀಬೇಡಿ. ಪೆನ್ಸಿಲ್ಲೂ."

ಶನಿವಾರ ಬಿಸಿಲು ಚೆನ್ನಾಗಿತ್ತು. ಎಲೆಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಬೆಲ್ಜಿಯಂನಿಂದ ಬಂದವಳು ಬಿಳಿ ಕೂದಲಿನ, ಗಟ್ಟಿ ಕಾಲಿನ ಹೆಂಗಸು. ಇಲಾರಿಯೆಗಿಂತ ಚುರುಕಾಗಿ ಬೆಟ್ಟ ಹತ್ತಿದಳು. ಬಿದ್ದು ಕೊಳೆಯುತ್ತಿದ್ದ ಮರಗಳ ಹತ್ತಿರ ಮಂಡಿಯೂರಿ ಹುಳ ನೋಡಿದಳು, ಅಣಬೆ ನೋಡಿದಳು, ಮೇಲೆ ನೋಡಿ ಸುಮ್ಮನೆ ನಿಂತಳು. ಅವಳು ಫ್ರೆಂಚ್‌ನಲ್ಲಿ ಹೇಳಿದ್ದನ್ನು ಸಾವೆತಾ ತನ್ನ ಹಳೆಯ ಶಾಲೆಯ ಫ್ರೆಂಚ್‌ನಿಂದ ಬಿಡಿಸಿ ಹೇಳುತ್ತಿದ್ದಳು. ಅವಳ ಊರಿನ ಹತ್ತಿರವೂ ಒಂದು ಬೀಚ್ ಕಾಡಿದೆಯಂತೆ, ಆದರೆ ಅಲ್ಲಿ ಇಷ್ಟು ಹಳೆಯ ಮರಗಳು ಇಷ್ಟು ಒತ್ತಾಗಿ ಇಲ್ಲವಂತೆ. ಬೇರೆ ದಿನವಾಗಿದ್ದರೆ ಇಲಾರಿಯೆ ಮೀಸೆ ತಿರುವುತ್ತಿದ್ದ. ಅವರ ಬೆನ್ನ ಹಿಂದೆ ಊರಿಗೆ ಊರೇ ಬರುತ್ತಿತ್ತು, ಹಬ್ಬದ ಬಟ್ಟೆ ತೊಟ್ಟು.

ಮೂಲೆ ತಿರುಗಿದಾಗ ಸೋದರತ್ತೆ ಕಂಡಳು. ಬುಡದಲ್ಲಿ ಗಾವ್ರಿಲ ಕೂತಿದ್ದ. ಕುದುರೆ ಪಕ್ಕದಲ್ಲಿ ಕಟ್ಟಿತ್ತು, ಗರಗಸ ಬೇರಿಗೆ ಒರಗಿತ್ತು, ಕೊಡಲಿ ತೊಡೆಯ ಮೇಲಿತ್ತು. ಅವನು ಇಗರ್ಜಿಗೆ ಹಾಕುವ ಬಿಳಿ ಅಂಗಿ ತೊಟ್ಟಿದ್ದ. ಬಟ್ಟೆಯ ಮೇಲೆ ಈರುಳ್ಳಿ, ಹಂದಿಯ ಕೊಬ್ಬಿನ ತುಂಡು, ಪ್ಲಮ್ ಸಾರಾಯಿಯ ಸಣ್ಣ ಶೀಶೆ.

ಬೆಲ್ಜಿಯಂನವಳು ಮೊದಲು ಮರ ನೋಡಿದಳು, ಆಮೇಲೆ ಮುದ್ರೆ. ಅವಳ ಹುಬ್ಬು ಗಂಟಿಕ್ಕಿತು. ಅದೇನು ಅಂತ ಕೇಳಿದಳು. ಸಾವೆತಾ ಇಲಾರಿಯೆಯ ಮುಖ ನೋಡಿದಳು.

ಅವನು ಮುಂದೆ ಬಂದ. "ಹೇಳಿ ಟೀಚರಮ್ಮ, ಇದು ನನ್ನ ಸುತ್ತಿಗೆ, ಇದು ನನ್ನ ಏಟು. ಬಣ್ಣ ಹಾಕೋಕೆ ಬಂದು ಮುದ್ರೆ ಹಾಕ್ದೆ. ನಮ್ಮಲ್ಲಿ ಮುದ್ರೆ ಬಿದ್ದ ಮರ ಕಡೀಬಹುದು. ಈ ಮರ ಕಡಿಯೋ ಹಕ್ಕು ಈಗ ಒಬ್ಬನಿಗಿದೆ. ನಮ್ಮ ನಿಯಮ ಇದು. ಅದನ್ನ ನಾವು ಮುರಿದಿಲ್ಲ."

ಸಾವೆತಾ ಹೇಳಿದಳು. ಕೊನೆಯ ಮಾತು ಹೇಳುವಾಗ ಅವಳ ಬೆನ್ನು ನೆಟ್ಟಗಾಯಿತು. ಬೆಲ್ಜಿಯಂನವಳು ಏನೋ ಕೇಳಿದಳು.

"ಆ ಒಬ್ಬ ಯಾರು ಅಂತ ಕೇಳ್ತಿದಾರೆ."

"ನಾನು," ಅಂತ ಗಾವ್ರಿಲ ಎದ್ದು ನಿಂತ. ಕಿವಿಯ ಸಂದಿಯಿಂದ ಕೋಲು ತೆಗೆದು ತೋರಿಸಿದ. "ಇವಳು ನನ್ನವಳು. ಅವ್ರಿಗೆ ಹೇಳಿ. ಇನ್ನೂರು ಮುನ್ನೂರು ವರ್ಷದಲ್ಲಿ ಈ ಮೇಲಿನ ಕಾಡಲ್ಲಿ ಮರದ ಯಜಮಾನ ಆದೋನು ನಾನೊಬ್ನೇ. ಹೇಳಿ ಟೀಚರಮ್ಮ, ಒಂದಕ್ಷರ ಬಿಡ್ಬೇಡಿ."

ಸಾವೆತಾ ಹಲ್ಲು ಕಚ್ಚಿಕೊಂಡು ಒಂದಕ್ಷರ ಬಿಡದೆ ಹೇಳಿದಳು.

"ಈಗ ಗಾರ್ಡ್ ಸಾಹೇಬ್ರು ಅವರ ಕೆಲಸ ಮಾಡ್ಲಿ," ಅಂದ ಗಾವ್ರಿಲ. "ಪುಸ್ತಕ ತೆಗೀರಿ. ಕೇಳೋ ಹಾಗೆ ಕೇಳಿ."

ಪಾಲಿನ ಮರ ಕಡಿಯುವಾಗ ಕಾವಲುಗಾರ ಕೇಳುವ ಮಾತೊಂದಿದೆ. ಮೂವತ್ತನಾಲ್ಕು ವರ್ಷ ಇಲಾರಿಯೆ ಅದನ್ನು ಬಾಯಿಪಾಠದ ಹಾಗೆ ಒದರಿಕೊಂಡು ಬಂದಿದ್ದ. ಈಗ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಬೇಕಾಯಿತು. ಪುಸ್ತಕ ಬಿಚ್ಚಿ, ಪೆನ್ಸಿಲ್ ಹಿಡಿದು ಕೇಳಿದ.

"ಫಾಜೆತೆಲ್ ಊರೊಟ್ಟಿನ ಪಾಲುದಾರ ಗಾವ್ರಿಲ, ಅರವತ್ತನಾಲ್ಕನೆಯ ಮರ ನಿನ್ನದು. ಇವತ್ತು ಕಡಿಯುತ್ತೀಯಾ?"

ಗಾವ್ರಿಲ ತಿರುಗಿ ಮರವನ್ನು ನೋಡಿದ. ತಲೆಯೆತ್ತಿ, ಟೋಪಿ ಬೀಳುವಷ್ಟು ಹಿಂದಕ್ಕೆ ಬಾಗಿ, ಕೊನೆಯ ಕೊಂಬೆಯ ತನಕ ನೋಡಿದ. ಆಮೇಲೆ ಕೊಡಲಿಯನ್ನು ಪಕ್ಕದಲ್ಲಿ ಬಿದ್ದಿದ್ದ ಒಣ ದಿಮ್ಮಿಗೆ ಚುಚ್ಚಿ ನಿಲ್ಲಿಸಿದ.

"ಇವತ್ತು ಮನಸ್ಸಿಲ್ಲ," ಅಂದ. "ಬರ್ಕೊಳ್ಳಿ. ಮುಂದಿನ ವರ್ಷ ಬಂದು ಕೇಳಿ."

ಇಲಾರಿಯೆಯ ಪೆನ್ಸಿಲ್ ಕಾಗದದ ಮೇಲೆ ಹಾಗೇ ನಿಂತಿತು.

"ಬೇರೆ ಪಾಲಿರಲ್ಲ ನಿಂಗೆ," ಅಂದ, ಮೆಲ್ಲಗೆ. "ಇವಳು ನಿಂತಿರೋ ತನಕ."

"ಗೊತ್ತು. ನಂಗೆ ಪುರುಳೆ ಅಭ್ಯಾಸ ಇದೆ." ಗಾವ್ರಿಲ ಕೋಲನ್ನು ಮತ್ತೆ ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. "ಇಪ್ಪತ್ತೆರಡು ವರ್ಷ ಈ ಊರಿಗೆ ನಾನು ಕಳ್ಳ. ಈಗ ಊರಿನ ಮಾನ ನನ್ನ ಪಾಲಿಗೆ ಬಿತ್ತು. ಅದನ್ನ ಹೋಗಿ ಒಲೆಗ್ ಹಾಕ್ಲಾ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮಲ್ಲಿ ಹಾಗೆಲ್ಲ ತಟ್ಟುವುದಿಲ್ಲ. ಗಂಡಸರು ಟೋಪಿ ತೆಗೆದರು. ಅನಿಕಾ ಅಳುತ್ತಿದ್ದಳು, ಆದರೆ ಅವಳು ಎಲ್ಲದಕ್ಕೂ ಅಳುತ್ತಾಳೆ. ಬೆಲ್ಜಿಯಂನವಳು ಸಾವೆತಾಳ ಮಾತು ಮುಗಿಯುವ ತನಕ ಕೇಳಿ, ತನ್ನ ಪುಸ್ತಕದಲ್ಲಿ ಬಹಳ ಹೊತ್ತು ಬರೆದಳು. ಕಾಡು ನೋಡಲು ಬಂದೆ, ಅದನ್ನು ಕಾಯುವುದು ಹೇಗೆ ಅಂತಲೂ ನೋಡಿದೆ ಅಂದಳಂತೆ. ಆಮೇಲೆ ಗಾವ್ರಿಲ ಕೊಟ್ಟ ಸಾರಾಯಿ ಕುಡಿದು ಕೆಮ್ಮಿದಳು.

ಇಲಾರಿಯೆ ಪುಸ್ತಕದಲ್ಲಿ ಕಡಿದ ದಿನಾಂಕ ಬರೆಯುವ ಜಾಗದಲ್ಲಿ ಗಾವ್ರಿಲ ಹೇಳಿದ್ದನ್ನೇ ಬರೆದ. ಅವನ ಜೀವಮಾನದಲ್ಲಿ ತಪ್ಪಿ ಬಿದ್ದ ಏಟು ಅದೊಂದೇ. ಅದರ ಬಗ್ಗೆ ಅವನಿಗೆ ಈಗ ಎಷ್ಟು ಜಂಬ ಅಂದರೆ, ಸರಿಯಾಗಿ ಬಿದ್ದ ಎರಡು ಸಾವಿರ ಏಟುಗಳ ಮಾತೇ ಎತ್ತುವುದಿಲ್ಲ.

ನವೆಂಬರಿನಲ್ಲಿ ಮೊದಲ ಹಿಮ ಬೀಳುವ ಮುಂಚೆ ಗಾವ್ರಿಲನ ಬಾಗಿಲಿಗೆ ಗಾಡಿಗಳು ಬಂದವು. ಮೊದಲ ಗಾಡಿ ಇಲಾರಿಯೆಯದು. ಗಾವ್ರಿಲ ಒಂದು ತುಂಡು ಎತ್ತಿ ಮೂಸಿ ನೋಡಿ, "ಹಸಿ ಕಟ್ಟಿಗೆ. ಕಳ್ಳನಿಗೆ ಇದು ಸಾಕು ಅಂತ ತಂದ್ರಾ," ಅಂದ. ಮೂರನೆಯ ದಿನ ಪಾಂತೆಲಿಯೂ ತನ್ನ ಲಾರಿ ತಂದು ನಿಲ್ಲಿಸಿದಾಗ ಗಾವ್ರಿಲನಿಗೆ ಬಯ್ಯಲು ಮಾತು ಸಿಗಲಿಲ್ಲ. ಲೆಕ್ಕ ಹಾಕಿದವಳು ಸಾವೆತಾ. ಮನೆಗೆ ಅರ್ಧ ಗಾಡಿಯಂತೆ ಮೂವತ್ತೊಂದೂವರೆ ಗಾಡಿ, ಸೋದರತ್ತೆಯಲ್ಲಿ ಇರುವುದಕ್ಕಿಂತ ಒಂದೂವರೆ ಹೆಚ್ಚು. ಈಗ ಪ್ರತಿ ವರ್ಷವೂ ಹಾಗೇ ನಡೆಯುತ್ತದೆ. ಯಾವ ನಿಯಮದ ಪುಸ್ತಕದಲ್ಲೂ ಅದನ್ನು ಬರೆದಿಲ್ಲ.

ಕಾಡು ಪಟ್ಟಿಗೆ ಸೇರಿತು. ಮರದ ಹತ್ತಿರ ನಾಲ್ಕು ಭಾಷೆಯಲ್ಲಿ ಒಂದು ಹಲಗೆ ಇದೆ. ಅದರಲ್ಲಿ ತನ್ನ ಹೆಸರಿಲ್ಲ ಅಂತ ಗಾವ್ರಿಲ ಬಂದವರಿಗೆಲ್ಲ ದೂರು ಹೇಳುತ್ತಾನೆ. ಬೇಕಿದ್ದರೆ ನಾಳೆಯೇ ಕಡಿಯಬಲ್ಲೆ ಅಂತ ಪ್ರವಾಸಿಗಳನ್ನು ಹೆದರಿಸಿ, ಅವರ ಮುಖ ನೋಡಿ ಖುಷಿಪಡುತ್ತಾನೆ. ಇಲಾರಿಯೆ ಸುತ್ತಿಗೆಯನ್ನು ಹೊಸ ಕಾವಲುಗಾರ್ತಿಗೆ ಒಪ್ಪಿಸಿ ಮೂರು ವರ್ಷವಾಯಿತು. ಒಂದೇ ಒಂದು ಕೆಲಸ ಮಾತ್ರ ಅವನು ಬಿಟ್ಟುಕೊಟ್ಟಿಲ್ಲ.

ಈ ಅಕ್ಟೋಬರಿನಲ್ಲಿ ಗಾವ್ರಿಲನಿಗೆ ಎದೆ ಕಟ್ಟಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಇಲಾರಿಯೆ ಪುಸ್ತಕ ಹಿಡಿದು ಅವನ ಬಾಗಿಲಿಗೆ ಹೋಗಿ, "ಇಲ್ಲೇ ಕೇಳ್ಬಿಡ್ತೀನಿ ಬಿಡು, ಉತ್ತರ ಗೊತ್ತಿರೋದೇ," ಅಂದ.

"ಏನ್ ಗೊತ್ತಿರೋದು? ನಂಗೇ ಗೊತ್ತಿಲ್ಲ. ಮರದ ಮುಂದೆ ಕೇಳ್ಬೇಕು. ಅವಳಿಗೂ ಕೇಳಿಸ್ಬೇಕಲ್ಲ."

ಇಲಾರಿಯೆ ಅವನನ್ನು ಕಂದು ಕುದುರೆಯ ಮೇಲೆ ಕೂರಿಸಿ, ತಾನು ಲಗಾಮು ಹಿಡಿದು ಬೆಟ್ಟ ಹತ್ತಿದ. ದಾರಿಯುದ್ದಕ್ಕೂ ಇಬ್ಬರೂ ಬೈದಾಡಿಕೊಂಡರು. ಮುದ್ರೆಯ ಗಾಯ ಮಾಯ್ದಿಲ್ಲ, ಮಾಯುವುದೂ ಇಲ್ಲ. ತೊಗಟೆ ಅದರ ಸುತ್ತ ದಪ್ಪಗೆ ಅಂಚು ಕಟ್ಟಿದೆ, ಹದಿನೇಳು ಅನ್ನುವುದನ್ನು ಈಗಲೂ ಓದಬಹುದು. ಇಲಾರಿಯೆ ಟೋಪಿ ತೆಗೆದು, ಪುಸ್ತಕ ಬಿಚ್ಚಿ, ಕೇಳುವ ಹಾಗೆ ಕೇಳಿದ. ಗಾವ್ರಿಲ ಕುದುರೆಯ ಮೇಲಿನಿಂದಲೇ ತಲೆಯೆತ್ತಿ ಕೊನೆಯ ಕೊಂಬೆಯ ತನಕ ನೋಡಿದ. ಯೋಚಿಸಿದ. ಬೇಕೆಂದೇ ಬಹಳ ಹೊತ್ತು ಯೋಚಿಸಿದ. ಇದು ಐದನೆಯ ಸಲ, ಆದರೂ ಇಲಾರಿಯೆ ಮೊದಲ ಸಲದ ಹಾಗೇ ಪೆನ್ಸಿಲನ್ನು ಕಾಗದಕ್ಕೆ ಒತ್ತಿ ಹಿಡಿದು ಕಾದ.

"ಇವತ್ತು ಮನಸ್ಸಿಲ್ಲ," ಅಂದ ಗಾವ್ರಿಲ. "ಮುಂದಿನ ವರ್ಷ ಬನ್ನಿ."

"ಬರ್ತೀನಿ," ಅಂತ ಹೇಳಿ ಇಲಾರಿಯೆ ಅವನ ಉತ್ತರ ಬರೆದುಕೊಂಡ.